ಮಾರಾದಿಂದ ತರಬೇಕಿದ್ದ ಆಶೀರ್ವಾದ

ಬಿನ್ ಒಮ್ರಾನ್

ಆಫ್ರಿಕಾಕ್ಕೆ ಹೋಗುವ ಹುಚ್ಚು ನನ್ನದಲ್ಲ, ಲವೀನಾಳದ್ದು. ಐವತ್ತಾರು ವರ್ಷ ಕಾಡಿನ ಸಿಂಹವನ್ನು ನೋಡದೆ ನಾನು ಆರಾಮವಾಗಿಯೇ ಇದ್ದೆ. ಕತಾರ್‌ಗೆ ಬಂದು ಇಪ್ಪತ್ತೈದು ವರ್ಷವಾದರೂ ರಜೆ ಸಿಕ್ಕಿದಾಗಲೆಲ್ಲ ನಾನು ವಿಮಾನ ಇಳಿದದ್ದು ಮಂಗಳೂರಿನಲ್ಲಿ ಮಾತ್ರ. ಅಲ್ಲಿಂದ ಕಟಪಾಡಿಯ ತಮ್ಮನ ಮನೆ, ಎರಡು ಮದುವೆ, ನಾಲ್ಕು ದೇವಸ್ಥಾನ, ‘ಯಾವಾಗ ವಾಪಸ್ಸು?’ ಎಂಬ ಪ್ರಶ್ನೆ, ಮತ್ತೆ ದೋಹಾ. ಪ್ರವಾಸ ಅಂದರೆ ಅಷ್ಟೇ ಅಂದುಕೊಂಡಿದ್ದೆ.

ಲವೀನಾ ಮಂಗಳೂರಿನ ಕುಲಶೇಖರದವಳು. ದೋಹಾದ ಬಿನ್ ಒಮ್ರಾನ್‌ನಲ್ಲಿ ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನಾವಿಬ್ಬರು ಹನ್ನೊಂದು ವರ್ಷ ಒಟ್ಟಿಗಿದ್ದೆವು. ಅವಳ ಗಂಡ ತೀರಿಹೋಗಿದ್ದ, ನನಗೆ ಮದುವೆಯೇ ಆಗಿರಲಿಲ್ಲ. ಅವಳು ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ನಾನು ಲುಸೈಲ್‌ನ ಒಂದು ಕನ್‌ಸ್ಟ್ರಕ್ಷನ್ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ ಇಂಜಿನಿಯರುಗಳು ಕಳಿಸಿದ ನಕ್ಷೆಗಳಿಗೆ ನಂಬರು ಹಾಕಿ ಇಡುವುದು, ಅವರೇ ಕಳೆದುಕೊಂಡು ನನ್ನ ಮೇಲೆ ಕೂಗಾಡಿದಾಗ ಹುಡುಕಿ ಕೊಡುವುದು.

‘ಎಂತ ಮಾರಾಯ್ತಿ, ನೈರೋಬಿಗೆ ಐದೇ ಗಂಟೆಯ ಫ್ಲೈಟ್. ನಾವು ಮನೆಯಲ್ಲಿ ಕೂತು ಸೀರಿಯಲ್ ನೋಡಿ ಸಾಯುವುದಾ?’ ಎಂದು ಲವೀನಾ ಒಂದು ಶುಕ್ರವಾರ ಶುರು ಮಾಡಿದಳು. ಆಮೇಲೆ ಎರಡು ವರ್ಷ ಪ್ರತಿ ಶುಕ್ರವಾರವೂ ನಮ್ಮ ಊಟದ ಮೇಜಿನ ಮೇಲೆ ಮಾಸಾಯಿ ಮಾರಾ ಎಂಬ ಸಫಾರಿ ಕಾಡಿನ ನಕ್ಷೆ ಹರಡಿರುತ್ತಿತ್ತು. ಮೀನು ಸಾರಿನ ಒಂದು ಹನಿ ಅದರ ಮೇಲೆ ಬಿದ್ದು ಕೀನ್ಯಾದ ಗಡಿಯಲ್ಲಿ ಹಳದಿ ಕಲೆ ಉಳಿದಿತ್ತು. ನಾನು ನನ್ನ ಕಸುಬಿನ ಬುದ್ಧಿ ಬಿಡದೆ ಪ್ರಾಣಿಗಳದ್ದೊಂದು ರಿಜಿಸ್ಟರ್ ಮಾಡಿದೆ. ಹೆಸರು, ನೋಡಿದ ಜಾಗ, ನೋಡಿದ ಹೊತ್ತು, ಷರಾ ಎಂದು ಕಾಲಂ ಎಳೆದೆ. ಲವೀನಾ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಬುಕ್ಕಿಂಗ್ ಆಗಿ ಎರಡು ತಿಂಗಳಿಗೆ ಅವಳ ಮಗಳಿಗೆ ಅವಳಿ ಮಕ್ಕಳು ಎಂದು ಡಾಕ್ಟರು ಹೇಳಿದರು. ಲವೀನಾ ರಾಜೀನಾಮೆ ಕೊಟ್ಟು, ಮತ್ತೆ ಬರುವುದಿಲ್ಲವೆಂಬ ಫೈನಲ್ ಎಕ್ಸಿಟ್ ಮಾಡಿಸಿಕೊಂಡು ಹೊರಟೇಹೋದಳು. ಏರ್‌ಪೋರ್ಟಿನಲ್ಲಿ, ‘ನೀನು ಹೋಗಿ ಬಾ ಸುಮತಿ, ನನ್ನ ಪಾಲಿನದ್ದೂ ನೋಡಿ ಬಾ ಆಯ್ತಾ,’ ಎಂದಳು. ಟ್ಯಾಕ್ಸಿಯಲ್ಲಿ ಮನೆಗೆ ಬಂದು ಎಂದಿನಂತೆ ಎರಡು ಲೋಟ ಚಹಾ ಮಾಡಿದೆ. ಎರಡನ್ನೂ ನಾನೇ ಕುಡಿದೆ. ಆ ದಿನದಿಂದ ನನಗೆ ಫ್ಲ್ಯಾಟಿನಲ್ಲಿ ಮಾತಾಡಲು ಯಾರೂ ಇರಲಿಲ್ಲ.

ಲುಸೈಲ್, ಬೆಳಿಗ್ಗೆ ಆರೂಕಾಲು

ನಮ್ಮ ಕಾರ್ ಲಿಫ್ಟಿನ, ಅಂದರೆ ತಿಂಗಳ ಬಾಡಿಗೆಗೆ ನಾಲ್ಕು ಜನ ಹಂಚಿಕೊಂಡ ಕಾರಿನ, ಮಲಯಾಳಿ ಡ್ರೈವರ್ ನನ್ನ ನಂತರ ಇನ್ನೂ ಮೂವರನ್ನು ಬಿಡಬೇಕು. ಹಾಗಾಗಿ ಏಳು ಗಂಟೆಯ ಆಫೀಸಿಗೆ ನನ್ನನ್ನು ಆರೂಕಾಲಿಗೇ ಇಳಿಸಿ, ‘ಯಲ್ಲಾ ಚೇಚಿ’ ಎಂದು ಓಡುತ್ತಾನೆ. ಒಂಬತ್ತನೇ ಮಹಡಿಯ ಬಾಗಿಲು ತೆರೆಯುವ ತನಕ ನಾನು ಕೆಳಗಿನ ಲಾಬಿಯ ಸೋಫಾದಲ್ಲಿ ಕೂರಬೇಕು. ಆ ಹೊತ್ತಿನಲ್ಲಿ ಅಲ್ಲಿರುವ ಇನ್ನೊಂದು ಜೀವ ಸೆಕ್ಯುರಿಟಿಯ ಲೆಶಾನ್.

ಒಂದೂವರೆ ವರ್ಷ ‘ಗುಡ್ ಮಾರ್ನಿಂಗ್ ಮೇಡಂ’ ಬಿಟ್ಟರೆ ನಮಗೆ ಬೇರೆ ಮಾತಿರಲಿಲ್ಲ. ಲವೀನಾ ಹೋದ ಮೇಲೆ ಒಂದು ದಿನ ನಾನು ಸೋಫಾದಲ್ಲಿ ಆ ರಿಜಿಸ್ಟರ್ ತೆಗೆದು ಕೂತಿದ್ದಾಗ ಅವನು ಬಗ್ಗಿ ನೋಡಿದ.

‘ಮಾರಾಕ್ಕೆ ಹೋಗ್ತೀರಾ ಮೇಡಂ? ನಾನು ಅಲ್ಲಿಯವನು. ಮಾಸಾಯಿ.’

ಕೋಟು, ಟೈ, ಕಿವಿಯಲ್ಲಿ ವೈರು ಹಾಕಿಕೊಂಡ ಇವನನ್ನು ನಾನು ಇಷ್ಟು ದಿನ ಆಫ್ರಿಕಾದವನು ಎಂದಷ್ಟೇ ಗುರುತಿಟ್ಟುಕೊಂಡಿದ್ದೆ. ಇಂಡಿಯಾದ ನಮ್ಮನ್ನೆಲ್ಲ ಇಲ್ಲಿನ ಅರಬರು ‘ಹಿಂದಿ’ ಎಂದು ಒಂದೇ ಗೋಣಿಗೆ ತುಂಬಿದಾಗ ಸಿಟ್ಟು ಬರುವ ನನಗೆ ಆಗ ನಾಚಿಕೆಯಾಯಿತು.

ಅವನು ನನ್ನ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದ. ‘ಇದರಲ್ಲಿ ದನ ಎಲ್ಲಿದೆ?’

‘ದನ ನೋಡಲು ಅಷ್ಟು ದೂರ ಯಾಕೆ ಹೋಗಬೇಕಪ್ಪ? ನಮ್ಮೂರ ರಸ್ತೆಯಲ್ಲೇ ಮಲಗಿರುತ್ತವೆ.’

‘ಹಾಗಾದರೆ ನೀವು ಮಾರಾವನ್ನು ಅರ್ಧ ಮಾತ್ರ ನೋಡ್ತೀರಿ,’ ಎಂದು ನಕ್ಕ. ಇಬ್ಬರದ್ದೂ ಆಫೀಸಿನ ಇಂಗ್ಲಿಷು. ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಂದಿನಿಂದ ದಿನಾ ಮುಕ್ಕಾಲು ಗಂಟೆ ನನಗೆ ಪಾಠ. ಮನೆ ಕಟ್ಟುವುದು ಹೆಂಗಸರ ಕೆಲಸ, ಸೆಗಣಿ ಮೆತ್ತುವುದೂ ಅವರೇ. ಮಕ್ಕಳು ಹಿರಿಯರ ಎದುರು ತಲೆ ತಗ್ಗಿಸಿ ನಿಲ್ಲುತ್ತಾರೆ, ಹಿರಿಯರು ಆ ತಲೆಯ ಮೇಲೆ ಕೈ ಇಡುತ್ತಾರೆ. ಹುಟ್ಟಿದ ಮಗುವಿನ ಮೇಲೆ ಮೆಲ್ಲಗೆ ಉಗುಳಿ, ಎಂಥ ಕೆಟ್ಟ ಮಗು ಎಂದು ಬೈಯುತ್ತಾರೆ. ಹೊಗಳಿದರೆ ಕೇಡಂತೆ. ‘ನಮ್ಮಲ್ಲೂ ದೃಷ್ಟಿ ತೆಗೆದು ಥೂ ಥೂ ಅನ್ನುತ್ತೇವೆ, ನನಗೆ ಇದೆಲ್ಲ ಗೊತ್ತು,’ ಎಂದು ನಾನು ಜಂಬ ಕೊಚ್ಚಿದೆ. ಆ ಜಂಬ ಎಷ್ಟು ಟೊಳ್ಳು ಎಂದು ಆಮೇಲೆ ಗೊತ್ತಾಯಿತು.

‘ಅದು ಬರೀ ದೃಷ್ಟಿಗಲ್ಲ ಮೇಡಂ,’ ಎಂದ ಲೆಶಾನ್. ‘ಉಗುಳು ಅಂದರೆ ಆಶೀರ್ವಾದ. ಹಿರಿಯರ ಒಳಗಿನ ನೀರು. ಅದನ್ನು ಎಲ್ಲರಿಗೂ ಕೊಡೋದಿಲ್ಲ. ನನ್ನ ಅಪ್ಪ ನನಗೆ ಕೊಟ್ಟಿಲ್ಲ.’

ಕತೆ ನಿಧಾನವಾಗಿ ಹೊರಗೆ ಬಂತು. ಮಾಸಾಯಿ ಗಂಡುಮಕ್ಕಳು ಪ್ರಾಯಕ್ಕೆ ಬಂದ ಮೇಲೆ ಕೆಲವು ವರ್ಷ ಕೂದಲು ಉದ್ದ ಬೆಳೆಸಿ, ಕೆಮ್ಮಣ್ಣು ಹಚ್ಚಿ, ಯೋಧರಾಗಿ ತಿರುಗುತ್ತಾರೆ. ಕೊನೆಗೆ ಓರಗೆಯವರೆಲ್ಲ ಒಂದೇ ಕಡೆ ಸೇರುವ ದೊಡ್ಡ ಶಾಸ್ತ್ರ. ಅಲ್ಲಿ ತಾಯಿ ಕೂತು ಮಗನ ತಲೆ ಬೋಳಿಸುತ್ತಾಳೆ, ಹಿರಿಯರು ಹರಸುತ್ತಾರೆ, ಅವನು ಸಂಸಾರಸ್ಥನಾಗುವ ಯೋಗ್ಯತೆ ಪಡೆಯುತ್ತಾನೆ. ಒಂದು ತಲೆಮಾರಿಗೆ ಒಮ್ಮೆ ಆಗುವ ಶಾಸ್ತ್ರವದು. ತನ್ನ ಓರಗೆಯವರಿಗೆ ಅದು ನಡೆಯಬೇಕಿದ್ದ ವಾರವೇ ಲೆಶಾನ್‌ಗೆ ಕತಾರ್ ವೀಸಾ ಬಂತು. ಉದ್ದ ಕೂದಲಿನವರನ್ನು ಸೆಕ್ಯುರಿಟಿ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಏಜೆಂಟ್ ಹೇಳಿದ್ದಕ್ಕೆ ಅವನು ಯಾರಿಗೂ ಹೇಳದೆ ನೈರೋಬಿಯ ಸೆಲೂನಿನಲ್ಲಿ ತಲೆ ಕತ್ತರಿಸಿಕೊಂಡು ವಿಮಾನ ಹತ್ತಿದ. ತಾಯಿ ಶಾಸ್ತ್ರದ ಜಾಗದಲ್ಲಿ ಬರಿಗೈಯಲ್ಲಿ ಕೂತು ವಾಪಸ್ಸು ಬಂದಳು. ಮರುವರ್ಷ ತೀರಿಕೊಂಡಳು. ಅಪ್ಪ ಆ ಬಳಿಕ ಒಮ್ಮೆಯೂ ಅವನ ಫೋನಿಗೆ ಬರಲಿಲ್ಲ. ನಾಲ್ಕು ವರ್ಷವಾಗಿತ್ತು.

‘ನೀವು ಮಾರಾಕ್ಕೆ ಹೋಗ್ತೀರಲ್ಲ, ನಮ್ಮ ಮನೆಗೆ ಹೋಗ್ತೀರಾ? ನನ್ನ ತಂಗಿ ನಾಸೆರಿಯನ್‌ಗೆ ಇಂಗ್ಲಿಷ್ ಬರುತ್ತದೆ. ಅಪ್ಪನ ಹತ್ತಿರ ಒಂದು ಮಾತು ಕೇಳಿ. ನನ್ನ ಜೊತೆ ಮಾತಾಡ್ತಾರಾ ಅಂತ. ಇಲ್ಲ ಅಂದರೆ ಇಲ್ಲ ಅಂತಲೇ ಬಂದು ಹೇಳಿ.’

ಹೂಂ ಎಂದೆ. ಅಪ್ಪನಿಗೆಂದು ಅವನು ಕೊಟ್ಟ ಕೆಂಪು ಕಂಬಳಿಯನ್ನು ಲವೀನಾಳ ಬಟ್ಟೆಗೆಂದು ಖಾಲಿ ಬಿಟ್ಟಿದ್ದ ಸೂಟ್‌ಕೇಸಿನ ಅರ್ಧಕ್ಕೆ ಹಾಕಿದೆ.

ಮಾಸಾಯಿ ಮಾರಾ

ಸಫಾರಿ ಎಂದರೆ ಧೂಳು. ಅದನ್ನು ಯಾವ ಫೋಟೋದಲ್ಲೂ ತೋರಿಸುವುದಿಲ್ಲ. ಮೊದಲ ದಿನ ಸಂಜೆ ತಲೆ ತೊಳೆದಾಗ ಬಚ್ಚಲಿನ ನೀರು ನಮ್ಮೂರ ಮುರಕಲ್ಲಿನ ಕೋರೆಯ ಕೆಂಪು ಬಣ್ಣಕ್ಕೆ ತಿರುಗಿತ್ತು.

ಬುಕ್ಕಿಂಗ್ ಇಬ್ಬರ ಹೆಸರಿನಲ್ಲಿತ್ತಲ್ಲ, ಕ್ಯಾಂಪಿನಲ್ಲಿ ನನ್ನ ಡೇರೆಯೊಳಗೆ ಎರಡು ಮಂಚ, ಎರಡು ಜೊತೆ ಚಪ್ಪಲಿ, ಎರಡು ಟಾರ್ಚು. ಊಟಕ್ಕೆ ಕೂತರೆ ಎದುರಿಗೆ ಇನ್ನೊಂದು ತಟ್ಟೆ. ಬಡಿಸುವವನು ಬಂದು, ‘ಇನ್ನೊಬ್ಬರು ಬರುತ್ತಾರಾ?’ ಎಂದು ಕೇಳಿದ. ಇಲ್ಲ ಎಂದೆ. ಪಾಪ, ಅವನು ಬಹಳ ಮರ್ಯಾದೆಯಿಂದ ತಟ್ಟೆ, ಚಮಚ, ಲೋಟ, ಕೊನೆಗೆ ಕುರ್ಚಿಯನ್ನೂ ಎತ್ತಿಕೊಂಡು ಹೋದ. ಮರುದಿನ ಬೇರೆಯವನು ಬಂದ, ಅವನೂ ಅದನ್ನೇ ಕೇಳಿದ. ಸುತ್ತಲಿನ ಮೇಜುಗಳಲ್ಲಿ ಗಂಡ ಹೆಂಡತಿ, ಮಕ್ಕಳು, ನಗು. ನಾನು ಬೇಗಬೇಗ ತಿಂದು ಎದ್ದೆ. ಮೂರನೇ ದಿನ ನಾನೇ ಆ ತಟ್ಟೆಯ ಮೇಲೆ ನನ್ನ ಟೋಪಿ ಇಟ್ಟು ಕೂತೆ, ಯಾರೂ ಏನೂ ಕೇಳಲಿಲ್ಲ.

ಸಿಂಹ ಕಂಡಿತು. ಒಂದು ಮರದಡಿ ಗಂಡು, ಎರಡು ಹೆಣ್ಣು, ಮೂರೂ ಊಟ ಮುಗಿಸಿದ ಮದುವೆಮನೆಯ ಹಿರಿಯರ ಹಾಗೆ ಅಡ್ಡಾಗಿದ್ದವು. ಸುತ್ತ ಹನ್ನೊಂದು ವ್ಯಾನುಗಳು, ಶುಕ್ರವಾರ ಸಂಜೆ ದೋಹಾದ ಲುಲು ಮಾರ್ಕೆಟ್ಟಿನ ಪಾರ್ಕಿಂಗಿನಲ್ಲಿ ಇದ್ದ ಹಾಗೆ. ಗಂಡು ಸಿಂಹ ಒಮ್ಮೆ ಬಾಯಿ ಕಳೆದು ಆಕಳಿಸಿತು. ‘ತೂಲ ಮಾರಾಯ್ತಿ’, ನೋಡೇ, ಎಂದು ನಾನು ತುಳುವಿನಲ್ಲಿ ಕೂಗಿ ಪಕ್ಕಕ್ಕೆ ತಿರುಗಿ ಮೊಣಕೈಯಿಂದ ತಿವಿದೆ. ಪಕ್ಕದಲ್ಲಿ ನನ್ನ ಬ್ಯಾಗು ಇತ್ತು. ಡ್ರೈವರ್ ಕಮಾವು, ‘ನನಗೆ ಹೇಳಿದಿರಾ ಮಾಮಾ?’ ಎಂದ, ಅಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. ಇಲ್ಲ ಎಂದೆ. ರಿಜಿಸ್ಟರಿನಲ್ಲಿ ಸಿಂಹದ ಎದುರು ಹೊತ್ತು ಬರೆದೆ. ಷರಾ ಕಾಲಂನಲ್ಲಿ ಏನೂ ಬರೆಯಲು ತೋಚಲಿಲ್ಲ. ಸಿಂಹಕ್ಕಿಂತ ಅದನ್ನು ನೋಡಿ ಕೂಗುವ ಲವೀನಾಳನ್ನು ನೋಡಲು ನಾನು ಬಂದಿದ್ದೆ ಎಂದು ಆಗ ಅರ್ಥವಾಯಿತು.

ಲೆಶಾನ್‌ನ ಅಪ್ಪ

ಕೊನೆಯ ದಿನ ಕಮಾವುನನ್ನು ಒಪ್ಪಿಸಿ ಲೆಶಾನ್‌ನ ಮನೆಗೆ ಹೊರಟೆ. ಕಮಾವು ಕಿಕುಯು ಜನಾಂಗದವನು, ಮಾಸಾಯಿಗಳ ಬಗ್ಗೆ ಅವನಿಗೆ ನಮ್ಮ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಇರುವಂಥ ಒಂದು ಸಣ್ಣ ಕೊಂಕು ಇತ್ತು. ಎರಡೂವರೆ ಗಂಟೆ ದಾರಿಯಿಲ್ಲದ ದಾರಿ. ಮುಳ್ಳಿನ ಬೇಲಿಯೊಳಗೆ ಏಳೆಂಟು ಗಿಡ್ಡ ಮನೆಗಳು. ವ್ಯಾನಿನಿಂದ ಇಳಿದ ಕೂಡಲೇ ಸೆಗಣಿ, ಹೊಗೆ, ಹಾಲು ಸೇರಿದ ವಾಸನೆ ಬಂತು. ನಮ್ಮೂರ ದನದ ಹಟ್ಟಿಯದೇ ವಾಸನೆ. ಮೂರು ದಿನದಲ್ಲಿ ಮೊದಲ ಬಾರಿಗೆ ಉಸಿರು ಸರಾಗವಾಯಿತು.

ನಾಸೆರಿಯನ್ ನಗುಮುಖದ ಹುಡುಗಿ, ಹತ್ತಿರದ ಶಾಲೆಯಲ್ಲಿ ಟೀಚರ್. ಅಪ್ಪ ಬೇಲಿಯ ಪಕ್ಕ ಸಣ್ಣ ಮಣೆಯ ಮೇಲೆ ಕೂತಿದ್ದರು. ಒಣಗಿದ ಉದ್ದ ಕಾಲುಗಳು, ತೂತು ದೊಡ್ಡದಾಗಿ ಜೋತ ಕಿವಿ. ಅವರು ಮೊದಲು ಕೇಳಿದ್ದು ನನಗೆ ಎಷ್ಟು ದನಗಳಿವೆ ಎಂದು. ಇಲ್ಲ ಎಂದೆ. ಒಂದೂ ಇಲ್ಲವೇ ಎಂದರು. ಒಂದೂ ಇಲ್ಲ. ಅವರು ನಾಲಿಗೆಯಲ್ಲಿ ಲೊಚಗುಟ್ಟಿ ಮಗಳ ಹತ್ತಿರ ಏನೋ ಹೇಳಿದರು. ‘ಈ ಹೆಂಗಸಿಗೆ ಮೊದಲು ಹಾಲು ಕೊಡು ಅಂತಾರೆ,’ ಎಂದಳು ನಾಸೆರಿಯನ್.

ಕಂಬಳಿ ಕೊಟ್ಟೆ. ಅವರು ಮುಟ್ಟಲಿಲ್ಲ. ಅದು ಅವರ ಕಾಲ ಬಳಿ ನೆಲದ ಮೇಲೆ ಪ್ಲಾಸ್ಟಿಕ್ಕಿನೊಳಗೇ ಬಿದ್ದಿತ್ತು. ನಾನು ಲೆಶಾನ್‌ನ ಬಗ್ಗೆ ಹೇಳುತ್ತಾ ಹೋದೆ. ಹನ್ನೆರಡು ಗಂಟೆ ನಿಂತೇ ಇರುತ್ತಾನೆ, ಸುಳ್ಳು ಹೇಳುವುದಿಲ್ಲ, ಮುದುಕರು ಬಂದರೆ ಓಡಿಹೋಗಿ ಬಾಗಿಲು ಹಿಡಿಯುತ್ತಾನೆ. ಅವರು ದೂರದಲ್ಲಿ ಮೇಯುವ ದನಗಳನ್ನೇ ನೋಡುತ್ತಿದ್ದರು. ನಾನು ಮುಗಿಸಿದ ಮೇಲೆ ಒಂದು ಪ್ರಶ್ನೆ ಕೇಳಿದರು.

‘ಈಗ ಅವನ ತಲೆ ಯಾರು ಬೋಳಿಸುತ್ತಾರೆ ಅಂತ ಕೇಳ್ತಿದ್ದಾರೆ,’ ಎಂದಳು ನಾಸೆರಿಯನ್.

‘ಅವನಿರುವ ಕೆಲಸಗಾರರ ಕ್ಯಾಂಪಿನಲ್ಲಿ ಒಬ್ಬ ನೇಪಾಳಿ ಇದ್ದಾನಂತೆ. ಹದಿನೈದು ದಿನಕ್ಕೊಮ್ಮೆ.’

ಮುದುಕ ತಲೆ ತಗ್ಗಿಸಿದರು. ಕಣ್ಣು ಒರೆಸಿಕೊಂಡಂತೆ ಕಂಡಿತು, ನೊಣ ಓಡಿಸಿದ್ದೂ ಇರಬಹುದು. ಆಮೇಲೆ ಎದ್ದರು. ಸೋರೆಬುರುಡೆಯಿಂದ ಒಂದು ಗುಟುಕು ಹಾಲು ಬಾಯಿಗೆ ಹಾಕಿಕೊಂಡರು, ನನ್ನ ಎರಡೂ ಕೈ ಹಿಡಿದು ಅಂಗೈ ಬಿಡಿಸಿದರು, ಒಂದೊಂದೇ ಮಾತು ಹೇಳಿದರು. ಸುತ್ತ ನಿಂತವರೆಲ್ಲ ಪ್ರತಿ ಮಾತಿಗೂ ದೇವರ ಹೆಸರು ಹೇಳಿ ಹೂಂಗುಟ್ಟಿದರು. ನಾಸೆರಿಯನ್ ನನ್ನ ಕಿವಿಯಲ್ಲಿ ಅರ್ಥ ಹೇಳಿದಳು. ಅವನ ಕಾಲಿಗೆ ನೆಲ ಸಿಗಲಿ. ಅವನು ಹೋದ ದಾರಿ ಅವನನ್ನು ನುಂಗದಿರಲಿ. ಅವನ ಹೆಸರು ಹೇಳುವ ಮಕ್ಕಳಾಗಲಿ. ಕೊನೆಗೆ ಮುದುಕ ಬಗ್ಗಿ ನನ್ನ ಅಂಗೈಗಳ ಮೇಲೆ ತುಂತುರಾಗಿ ಉಗುಳಿದರು.

‘ಇದನ್ನು ಅವನ ತಲೆಗೆ ಕೊಡಿ. ಅವನ ತಲೆಗೆ ಇದು ಮುಟ್ಟಿದ ಮೇಲೆ ಫೋನ್ ಮಾಡಲಿ, ನಾನು ಮಾತಾಡುತ್ತೇನೆ. ಅದಕ್ಕೆ ಮೊದಲು ಬೇಡ,’ ಎಂಬುದು ಅವರ ಮಾತು. ನಾವು ಹೊರಡುವಾಗ ಅವರು ಕಂಬಳಿಯ ಪ್ಲಾಸ್ಟಿಕ್ಕನ್ನು ಬಿಚ್ಚುತ್ತಿದ್ದರು.

ವ್ಯಾನ್ ಹತ್ತಿದೆ. ಮನಸ್ಸು ತುಂಬಿತ್ತು, ಸಂತೋಷವಾಗಿತ್ತು. ಆ ಸಂತೋಷದಲ್ಲೇ ನನ್ನ ಕೈ ಬ್ಯಾಗಿನ ಜಿಪ್ಪು ಎಳೆಯಿತು, ವೆಟ್ ಟಿಶ್ಯೂ ತೆಗೆಯಿತು, ಅಂಗೈ, ಬೆರಳ ಸಂದು ಎಲ್ಲ ಒರೆಸಿತು, ಮೇಲಿಂದ ಸ್ಯಾನಿಟೈಸರ್ ಹಿಂಡಿ ಉಜ್ಜಿತು. ಲೋಟಕ್ಕೆ ತುಟಿ ಮುಟ್ಟಿಸಿದರೆ ಬೆನ್ನಿಗೆ ಗುದ್ದುತ್ತಿದ್ದ ಅಮ್ಮನ ಕೈಯಲ್ಲಿ ಬೆಳೆದವಳು ನಾನು. ತಮ್ಮನ ಜೊತೆ ಹಂಚಿಕೊಳ್ಳುವ ಮಾವಿನಕಾಯಿಯನ್ನೂ ಬಟ್ಟೆಯಲ್ಲಿ ಮುಚ್ಚಿ, ಬಾಯಿ ತಾಗದ ಹಾಗೆ ಕಚ್ಚಿ ತುಂಡು ಮಾಡಿದವಳು. ಎಂಜಲು ಎಂಬ ಶಬ್ದ ನನಗೆ ಅಕ್ಷರ ಬರುವ ಮೊದಲೇ ಬಂದಿತ್ತು. ತಲೆ ಏನೇ ಕಲಿತಿರಲಿ, ಕೈ ತನ್ನ ಪಾಡಿಗೆ ಕೆಲಸ ಮುಗಿಸಿತು.

ಕಮಾವು ಕನ್ನಡಿಯಲ್ಲಿ ನೋಡುತ್ತಿದ್ದ. ‘ಮಾಮಾ,’ ಎಂದ ಮೆಲ್ಲಗೆ, ‘ಅದು ಆ ಹುಡುಗನದ್ದಲ್ಲವಾ?’

ಟಿಶ್ಯೂ ಇನ್ನೂ ಕೈಯಲ್ಲೇ ಇತ್ತು.

‘ತಿರುಗಿಸಬೇಕಾ?’ ಎಂದ. ಸಂಜೆ ಆರೂವರೆಗೆ ಪಾರ್ಕಿನ ಗೇಟು ಹಾಕುತ್ತಾರೆ, ಬೆಳಿಗ್ಗೆ ನನ್ನ ವಿಮಾನ. ಆದರೆ ನಿಜ ಹೇಳಬೇಕೆಂದರೆ ಸಮಯವಿತ್ತು. ಧೈರ್ಯವಿರಲಿಲ್ಲ. ಆ ಮುದುಕನ ಎದುರು ನಿಂತು ‘ತೊಳೆದುಬಿಟ್ಟೆ, ಇನ್ನೊಮ್ಮೆ ಉಗುಳಿ’ ಎನ್ನುವುದು ಹೇಗೆ? ಬೇಡ ಎಂದೆ. ಕ್ಯಾಂಪ್ ತಲುಪುವವರೆಗೆ ಕಮಾವು ಒಂದು ಹಕ್ಕಿಯನ್ನೂ ತೋರಿಸಲಿಲ್ಲ.

ಲುಸೈಲ್, ಬೇಸ್‌ಮೆಂಟ್

ದೋಹಾಕ್ಕೆ ಬಂದ ಮರುದಿನ ಕಾರ್ ಲಿಫ್ಟಿನವನಿಗೆ ನನ್ನನ್ನು ಹಿಂದಿನ ಗೇಟಿನಲ್ಲಿ ಬಿಡಲು ಹೇಳಿದೆ. ಬೇಸ್‌ಮೆಂಟಿನ ಕಾರುಗಳ ನಡುವೆ ನುಸುಳಿ ಸರ್ವಿಸ್ ಲಿಫ್ಟಿನಲ್ಲಿ ಮೇಲೆ ಹೋಗಿ, ಆಫೀಸಿನ ಬಾಗಿಲ ಎದುರು ಮುಕ್ಕಾಲು ಗಂಟೆ ನಿಂತೆ. ಮರುದಿನವೂ ಹಾಗೇ. ಐವತ್ತಾರು ವರ್ಷದ ಹೆಂಗಸು ಹೋಮ್‌ವರ್ಕ್ ಮಾಡದ ಮಗುವಿನ ಹಾಗೆ ಅಡಗುತ್ತಿದ್ದೆ. ಸುಳ್ಳು ಹೇಳಿಬಿಡೋಣ, ಒಣಕೈಯನ್ನು ಅವನ ತಲೆಯ ಮೇಲಿಟ್ಟು ‘ತಗೋ’ ಅಂದರೆ ಮುಗಿಯಿತಲ್ಲ ಎಂದೂ ಯೋಚಿಸಿದೆ. ಸಂಜೆ ಲವೀನಾಳಿಗೆ ಫೋನ್ ಮಾಡಿದೆ. ‘ಮಕ್ಕಳಿಗೆ ಸ್ನಾನ ಮಾಡಿಸ್ತಾ ಇದ್ದೇನೆ ಸುಮತಿ, ಆಮೇಲೆ ಮಾಡ್ತೇನೆ,’ ಎಂದಳು. ಮಾಡಲಿಲ್ಲ. ಅವಳ ತಪ್ಪಲ್ಲ, ಅವಳ ಕೈ ತುಂಬಾ ಕೆಲಸ.

ಮೂರನೇ ದಿನ ಸರ್ವಿಸ್ ಲಿಫ್ಟಿನ ಎದುರೇ ಲೆಶಾನ್ ನಿಂತಿದ್ದ.

‘ಮೂರು ದಿನದಿಂದ ನಿಮ್ಮನ್ನು ಬೇಸ್‌ಮೆಂಟಿನ ಕ್ಯಾಮೆರಾದಲ್ಲಿ ನೋಡ್ತಾ ಇದ್ದೇನೆ ಮೇಡಂ,’ ಎಂದ. ಇಪ್ಪತ್ತು ಕ್ಯಾಮೆರಾಗಳ ಎದುರು ಕೂರುವವನಿಂದ ಅಡಗಲು ಹೋದ ನನ್ನ ಬುದ್ಧಿಗೆ ಏನು ಹೇಳಲಿ. ‘ನಾಸೆರಿಯನ್ ಮೆಸೇಜ್ ಹಾಕಿದಳು. ಅಪ್ಪ ಏನೋ ಕೊಟ್ಟು ಕಳಿಸಿದ್ದಾರೆ, ತಂದವರ ಕೈಯಿಂದಲೇ ತಗೋ ಅಂತ. ನೀವು ನನಗೆ ಕೊಡ್ತಾ ಇಲ್ಲ. ಯಾಕೆ?’

ಹೇಳಿದೆ. ಒಂದೂ ಬಿಡದೆ ಹೇಳಿದೆ. ಟಿಶ್ಯೂ, ಸ್ಯಾನಿಟೈಸರ್, ಕಮಾವು ಕೇಳಿದ್ದು, ನಾನು ಬೇಡ ಎಂದದ್ದು. ಅವನು ನನ್ನ ಕೈಗಳನ್ನು ನೋಡಿದ. ನಾನು ಅವನ್ನು ಎಲ್ಲಿ ಇಡಬೇಕೋ ತಿಳಿಯದೆ ಬ್ಯಾಗಿನ ಹಿಂದೆ ಹಿಡಿದುಕೊಂಡೆ.

‘ಓಕೆ ಮೇಡಂ,’ ಎಂದ. ಪಾಸ್ ಇಲ್ಲದೆ ಬಂದ ವಿಸಿಟರ್‌ಗಳಿಗೆ ಅವನು ಹೇಳುವ ದನಿಯಲ್ಲಿ. ಲಿಫ್ಟಿನ ಬಟನ್ ಒತ್ತಿಕೊಟ್ಟು ಹೋದ. ಅವನು ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಆಮೇಲೆ ಎರಡು ದಿನ ನಾನು ಮುಂದಿನ ಬಾಗಿಲಿನಿಂದಲೇ ಬಂದು ಸೋಫಾದಲ್ಲಿ ಕೂತೆ. ‘ಗುಡ್ ಮಾರ್ನಿಂಗ್ ಮೇಡಂ’ ಅಷ್ಟೇ. ಗುರುವಾರ ಅವನೇ ಹತ್ತಿರ ಬಂದ. ಅಲ್ ಖೋರ್‌ನಲ್ಲಿ ನಮ್ಮ ಕಡೆಯ ಒಬ್ಬ ಹಿರಿಯರಿದ್ದಾರೆ, ಒಂದು ಸ್ಟಾಫ್ ಕಾಲೊನಿಯಲ್ಲಿ ತೋಟದ ಕೆಲಸ, ಅವರನ್ನು ಕೇಳಿದ್ದೇನೆ, ನಾಳೆ ಬೆಳಿಗ್ಗೆ ನಿಮ್ಮನ್ನು ಕರೆದುಕೊಂಡು ಬಾ ಅಂದಿದ್ದಾರೆ ಎಂದ. ನಮ್ಮಲ್ಲೂ ಅಪಚಾರವಾದರೆ ಭಟ್ಟರನ್ನು ಕೇಳುತ್ತೇವಲ್ಲ, ಹಾಗೆ ಎಂದುಕೊಂಡೆ.

ಅಲ್ ಖೋರ್

ಸೆಪ್ಟೆಂಬರಿನ ಶುಕ್ರವಾರ, ಬೆಳಿಗ್ಗೆ ಏಳಕ್ಕೇ ಬೆವರು. ಲೆಶಾನ್ ಜೊತೆ ಬಸ್ಸು ಇಳಿದು ಸಮುದ್ರದ ಬದಿಗೆ ಹೋದರೆ ಮೀನು ದೋಣಿಗಳ ವಾಸನೆ, ಮಲ್ಪೆ ಬಂದರಿನ ಧಕ್ಕೆಯ ಹಾಗೆ. ಕಲ್ಲುಬೆಂಚಿನ ಸುತ್ತ ಐದು ಜನ ಮಾಸಾಯಿಗಳು ನಿಂತಿದ್ದರು. ಎಲ್ಲರೂ ಟೀ ಶರ್ಟು, ಪ್ಯಾಂಟು. ಬೆಂಚಿನ ಮೇಲೆ ಅಂಗಡಿಯ ಒಂದು ಪ್ಯಾಕೆಟ್ ಹಾಲು.

ಹಿರಿಯರಿಗೆ ನನ್ನದೇ ವಯಸ್ಸು. ನನ್ನನ್ನು ಕೂರಿಸಿ ಎಲ್ಲವನ್ನೂ ಮತ್ತೆ ಕೇಳಿದರು. ಅಪ್ಪ ಯಾವ ಮಾತು ಹೇಳಿದರು, ಯಾವ ಕಡೆ ಮುಖ ಮಾಡಿದ್ದರು, ನಾನು ಎಷ್ಟು ಹೊತ್ತಿಗೆ ಒರೆಸಿದೆ. ನಂತರ ಹರಕುಮುರುಕು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು.

‘ಉಗುಳು ಹೇಗೂ ಒಣಗುತ್ತಿತ್ತು. ಅದು ದೋಷವಲ್ಲ. ಆದರೆ ಒರೆಸುವುದು ಅಂದರೆ ಬೇಡ ಅನ್ನುವುದು. ನೀವು ಬೇಡ ಅಂದಿರಿ. ಅದು ಇವನಿಗೆ ತಾಗುತ್ತದೆ.’

‘ನಾನು ಬೇಡ ಅನ್ನಲಿಲ್ಲ,’ ಎಂದೆ. ‘ಅಭ್ಯಾಸ. ನನ್ನ ಸ್ವಂತ ತಮ್ಮನ ಎಂಜಲನ್ನೂ ನಾನು ಮುಟ್ಟಿದವಳಲ್ಲ.’

‘ಹಾಗಾದರೆ ನಿಮ್ಮ ಬಾಯಿಂದಲೇ ಕೊಡಿ. ಅಪ್ಪನ ಮಾತು, ನಿಮ್ಮ ನೀರು. ನಿಮಗೂ ವಯಸ್ಸಾಗಿದೆ, ನೀವು ಕೊಟ್ಟರೂ ಆಗುತ್ತದೆ. ಆದರೆ ಸುಮ್ಮನೆ ಕೊಡಲು ಬರುವುದಿಲ್ಲ. ಕೊಟ್ಟ ಮೇಲೆ ಇವನು ನಿಮಗೆ ಮಗ. ನಾಳೆ ಮತ್ತೆ ಒರೆಸುವ ಹಾಗಿಲ್ಲ.’

ಲೆಶಾನ್ ಬೆಂಚಿನ ಎದುರು ಬಂದು ತಲೆ ತಗ್ಗಿಸಿ ನಿಂತ. ಎಷ್ಟು ಎತ್ತರ ಎಂದರೆ ಅವನು ಮೊಣಕಾಲೂರಬೇಕಾಯಿತು. ಅವನ ತಲೆ ಬೋಳಾಗಿ ಬೆವರಿನಲ್ಲಿ ಮಿನುಗುತ್ತಿತ್ತು. ಕಿವಿಯ ಹಿಂದೆ ನೇಪಾಳಿಯ ಕತ್ತಿ ತಾಗಿದ ಸಣ್ಣ ಗೀರು. ನನ್ನ ಜನ್ಮದಲ್ಲಿ ಯಾರೂ ನನ್ನೆದುರು ಹೀಗೆ ಬಗ್ಗಿದ್ದಿಲ್ಲ. ತಮ್ಮನ ಮಕ್ಕಳು ಕಾಲು ಮುಟ್ಟುತ್ತಾರೆ, ಒಂದು ಕಣ್ಣು ಮೊಬೈಲಿನ ಮೇಲಿರುತ್ತದೆ.

ಹಾಲಿನ ಒಂದು ಗುಟುಕು ಬಾಯಿಗೆ ಹಾಕಿಕೊಂಡೆ, ಹೆದರಿಕೆಗೆ ನುಂಗಿಬಿಟ್ಟೆ. ಒಬ್ಬ ನಕ್ಕ, ಹಿರಿಯರು ಗದರಿದರು. ಮೊದಲು ಮಾತು ಹೇಳಿ ಎಂದರು. ಇಂಗ್ಲಿಷಿನಲ್ಲಿ ಶುರು ಮಾಡಿದೆ, ಆಫೀಸಿನ ಇಮೇಲ್ ಓದಿದ ಹಾಗೆ ಕೇಳಿತು. ನಿಲ್ಲಿಸಿ, ತುಳುವಿನಲ್ಲಿ ಹೇಳಿದೆ. ನಿನ್ನ ಕಾಲಿಗೆ ನೆಲ ಸಿಗಲಿ ಮಗಾ. ಹೋದ ದಾರಿ ನಿನ್ನನ್ನು ನುಂಗದಿರಲಿ. ನಿನ್ನ ಹೆಸರು ಹೇಳುವ ಮಕ್ಕಳಾಗಲಿ. ಅರ್ಥವಾಗದಿದ್ದರೂ ಆ ಐದು ಜನ ಪ್ರತಿ ಮಾತಿಗೂ ಹೂಂಗುಟ್ಟಿದರು. ಮತ್ತೆ ಹಾಲು ತುಂಬಿಕೊಂಡು, ಕಣ್ಣು ಮುಚ್ಚಿ, ಅವನ ತಲೆಯ ಮೇಲೆ ಉಗುಳಿದೆ. ಅರ್ಧ ನನ್ನ ಗಲ್ಲದ ಮೇಲೇ ಸುರಿಯಿತು. ಒರೆಸಲಿಲ್ಲ.

ಲೆಶಾನ್ ಎದ್ದು, ಫೋನ್ ತೆಗೆದುಕೊಂಡು ನೀರಿನ ಅಂಚಿಗೆ ನಡೆದ. ನಾವೆಲ್ಲ ನೋಡುತ್ತಾ ನಿಂತೆವು. ತಂಗಿ ಎತ್ತಿರಬೇಕು, ಎರಡು ಮಾತು ಆಡಿದ. ಆಮೇಲೆ ಫೋನನ್ನು ಕಿವಿಗೆ ಒತ್ತಿಕೊಂಡು ಅಪ್ಪನಿಗಾಗಿ ಕಾದ. ಇನ್ನು ಆಗಲಿಕ್ಕಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಅವನು ಕುಕ್ಕರಗಾಲಲ್ಲಿ ಕುಸಿದು ಕೂತು, ಒಂದು ಕೈಯಿಂದ ಮುಖ ಮುಚ್ಚಿಕೊಂಡು ಮಾತಾಡತೊಡಗಿದ. ಹಿರಿಯರು ಉಳಿದವರನ್ನು ಕರೆದುಕೊಂಡು ದೂರ ಹೋದರು. ನಾನೊಬ್ಬಳೇ ಬೆಂಚಿನಲ್ಲಿ ಕೂತೆ. ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು. ನಾಲ್ಕು ವರ್ಷ ಮುನಿಸಿಕೊಂಡು ಕಾಯುವಷ್ಟು ಯಾರೂ ನನ್ನನ್ನು ಹಚ್ಚಿಕೊಂಡಿರಲಿಲ್ಲ.

ಅರ್ಧ ಗಂಟೆಯಾದ ಮೇಲೆ ಅವನು ಫೋನ್ ಕಿವಿಯಲ್ಲೇ ಹಿಡಿದು ನನ್ನ ಬಳಿ ಬಂದ. ಕಣ್ಣು ಕೆಂಪಾಗಿತ್ತು.

‘ಅಪ್ಪ ಒಂದು ಮಾತು ಕೇಳ್ತಿದ್ದಾರೆ. ಆ ಹೆಂಗಸಿಗೆ ಅಲ್ಲಿ ಯಾರಿದ್ದಾರೆ ಅಂತ. ಏನು ಹೇಳಲಿ?’

ಈ ಪ್ರಶ್ನೆಗೆ ನಾನು ಇಪ್ಪತ್ತೈದು ವರ್ಷ ಏನೇನೋ ಉತ್ತರ ಕೊಟ್ಟಿದ್ದೇನೆ. ಊರವರು ಬೇಕಷ್ಟು ಜನ ಇದ್ದಾರೆ, ಫ್ರೆಂಡ್ಸ್ ಇದ್ದಾರೆ, ಸಂಘ ಉಂಟು, ಪೂಜೆ ಉಂಟು.

‘ಯಾರೂ ಇಲ್ಲ ಅಂತ ಹೇಳು,’ ಎಂದೆ.

ಅವನು ಹೇಳಿದ. ಆಚೆಯಿಂದ ಮುದುಕನ ಗಡಸು ದನಿ ನನಗೂ ಕೇಳುವಷ್ಟು ಜೋರಾಗಿ ಬಂತು. ಲೆಶಾನ್ ತಡವರಿಸಿದ.

‘ಏನಂತೆ?’

‘ನೀವು ಸುಳ್ಳು ಹೇಳ್ತೀರಿ ಅಂತಾರೆ. ನನ್ನ ಮಗನ ತಲೆಗೆ ಉಗುಳಿದವಳು ಯಾರೂ ಇಲ್ಲ ಅನ್ನಬಾರದು, ಅಂತ ಬೈತಿದ್ದಾರೆ.’

ಫೋನ್ ಕೊಡು ಎಂದು ಕೈ ಚಾಚಿದೆ. ಕಿವಿಗೆ ಇಟ್ಟುಕೊಂಡ ಮೇಲೆ, ಅವರಿಗೆ ಗೊತ್ತಿರುವ ಭಾಷೆ ನನಗಿಲ್ಲ, ನನ್ನದು ಅವರಿಗಿಲ್ಲ ಎಂದು ನೆನಪಾಯಿತು. ಅವರೂ ಮಾತು ನಿಲ್ಲಿಸಿದರು. ಅವರು ಉಸಿರಾಡುವುದು ಕೇಳುತ್ತಿತ್ತು. ಫೋನ್ ಇಡುತ್ತಾರೇನೋ ಎಂದು ಕಾದೆ. ಅವರು ಇಡಲಿಲ್ಲ, ನಾನೂ ಇಡಲಿಲ್ಲ.